ಹಳ್ಳಿ ಹೆದರಿತು ಎಂಬ ಕಟ್ಟುಕಥೆ

ಕೊರೊನಾ ಕಾಲದ ಮಾತು ಬಂದರೆ ಸಾಕು, ಬೆಂಗಳೂರಿನ ಸಭೆಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಒಂದೇ ತೀರ್ಪು ಕೇಳಿಬರುತ್ತದೆ. ಪೇಟೆಯವರು ಲಸಿಕೆಗೆ ಮುಗಿಬಿದ್ದರಂತೆ, ಹಳ್ಳಿಯವರು ಸೂಜಿ ಕಂಡು ಓಡಿದರಂತೆ. ಅಧಿಕಾರಿಗಳು ಗದರಿಸಿ, ರೇಷನ್ ನಿಲ್ಲಿಸುತ್ತೇವೆಂದು ಬೆದರಿಸಿದ ಮೇಲಷ್ಟೇ ತೋಳು ಕೊಟ್ಟರಂತೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕುಗಳ ಮೇಲೆ ಈ ತೀರ್ಪು ಇನ್ನೂ ಸಲೀಸಾಗಿ ಕೂರುತ್ತದೆ. ಮಳೆ ಕಾಣದ ಜಿಲ್ಲೆ, ಆಂಧ್ರ-ತಮಿಳುನಾಡಿನ ಗಡಿ, ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ, ದುಡಿಮೆ ಹೊಲದಲ್ಲೋ ಇಟ್ಟಿಗೆಗೂಡಿನಲ್ಲೋ. ಇಂಥವರು ಹೆದರದೆ ಇನ್ನೇನು ಮಾಡಿಯಾರು ಎಂಬ ಭಾವ. ಈ ಕಥೆಯಲ್ಲಿ ಕಾಲದ ಕ್ರಮವೇ ತಿರುವುಮುರುವಾಗಿದೆ ಎಂಬುದು ನನ್ನ ವಾದ. ಲಸಿಕೆ ಈ ಊರುಗಳಿಗೆ ಬಂದದ್ದೇ ತಡ. ಬಂದಾಗಲೂ ಅದು ಬಂದ ಬಗೆ ಸ್ಮಾರ್ಟ್‌ಫೋನ್ ಇದ್ದವರಿಗೆ, ಹಗಲು ಹೊತ್ತು ಬಿಡುವಿದ್ದವರಿಗೆ ಮಾತ್ರ ಒಗ್ಗುವಂಥದ್ದು. ಆ ಬಗೆ ಬದಲಾದ ಕೂಡಲೇ ಜನ ಬಂದರು. ಭಯದ ಕಥೆಯನ್ನು ಆಮೇಲೆ ತಂದು ಈ ನಡುವಿನ ತಿಂಗಳುಗಳಿಗೆ ಮುಸುಕು ಹಾಕಲಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ದೇಶದ ಲೆಕ್ಕವನ್ನೇ ಮೊದಲು ನೋಡೋಣ. 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಲಸಿಕೆ ಶುರುವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ಬೇರೆ ಕಾಯಿಲೆಯಿದ್ದ 45 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ, ಮೇ 1ರಿಂದ 18 ದಾಟಿದವರಿಗೆ ಎಂದು ಬಾಗಿಲು ಅಗಲವಾಗುತ್ತ ಹೋಯಿತು. ಏಪ್ರಿಲ್‌ನಲ್ಲಿ ದೇಶದಾದ್ಯಂತ ಸುಮಾರು 9 ಕೋಟಿ ಡೋಸ್ ಹಾಕಲಾಯಿತು. ಮೇ ತಿಂಗಳಲ್ಲಿ ಅದು 6 ಕೋಟಿ ಚಿಲ್ಲರೆಗೆ ಇಳಿಯಿತು. ಎರಡನೇ ಅಲೆಯ ಸಾವುಗಳು ತುತ್ತತುದಿಗೆ ಹೋದ ತಿಂಗಳು ಅದು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ರಾತ್ರಿ 24 ಜನ ಪ್ರಾಣ ಬಿಟ್ಟ ತಿಂಗಳು. ಜನ ರೋಗಕ್ಕೆ ಅತಿ ಹೆಚ್ಚು ಹೆದರಿದ್ದ ಆ ಹೊತ್ತಿನಲ್ಲಿ, ಅರ್ಹರ ಸಂಖ್ಯೆ ದುಪ್ಪಟ್ಟಿಗೂ ಮೀರಿ ಏರಿದ್ದ ಹೊತ್ತಿನಲ್ಲಿ, ಲಸಿಕೆಯ ಲೆಕ್ಕ ಮೂರನೇ ಒಂದು ಭಾಗ ಕುಸಿದರೆ ಅದಕ್ಕೆ ಜನರ ಅಂಜಿಕೆ ಕಾರಣವಾಗಲು ಸಾಧ್ಯವೇ? ಬಾಟಲಿ ಇರಲಿಲ್ಲ, ಅಷ್ಟೆ. ಕರ್ನಾಟಕವಂತೂ ಮೇ 14ರಿಂದ 18ರಿಂದ 44ರ ವಯೋಮಾನದವರಿಗೆ ಲಸಿಕೆ ಹಾಕುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ, ಇದ್ದಬದ್ದದ್ದನ್ನು ಎರಡನೇ ಡೋಸಿನವರಿಗೆ ಮೀಸಲಿಟ್ಟಿತು. ಪೂರೈಕೆ ಸರಿಹೋದಂತೆ ಜೂನ್‌ನಲ್ಲಿ ಸುಮಾರು 12 ಕೋಟಿ, ಆಗಸ್ಟ್‌ನಲ್ಲಿ 18 ಕೋಟಿ, ಸೆಪ್ಟೆಂಬರ್‌ನಲ್ಲಿ 23 ಕೋಟಿ ದಾಟಿತು. ಜನರ ಮನಸ್ಸು ಹೀಗೆ ತಿಂಗಳ ಲೆಕ್ಕದಲ್ಲಿ ದುಪ್ಪಟ್ಟು ಮುಪ್ಪಟ್ಟು ಬದಲಾಗುವುದಿಲ್ಲ. ಕಾರ್ಖಾನೆಯ ಉತ್ಪಾದನೆ ಬದಲಾಗುತ್ತದೆ.

ಆ ಮೇ ತಿಂಗಳಲ್ಲಿ ಇದ್ದ ಅಷ್ಟಿಷ್ಟು ಲಸಿಕೆ ಯಾರ ತೋಳಿಗೆ ಹೋಯಿತು ಎಂಬುದು ಮುಂದಿನ ಪ್ರಶ್ನೆ. 18ರಿಂದ 44ರವರಿಗೆ ಕೋವಿನ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ, ಸ್ಲಾಟ್ ಹಿಡಿದೇ ಬರಬೇಕೆಂಬ ನಿಯಮವಿತ್ತು. ಪೋರ್ಟಲ್ ಜೂನ್‌ವರೆಗೆ ಇಂಗ್ಲಿಷ್‌ನಲ್ಲೇ ಇತ್ತು. ಕನ್ನಡ ಬಂದದ್ದು ಆಮೇಲೆ. ಸ್ಲಾಟ್ ಹುಡುಕಲು ಪಿನ್‌ಕೋಡ್ ಹಾಕಬೇಕು. ಬೆಂಗಳೂರಿನ ಕೇಂದ್ರಗಳು ಕ್ಷಣದಲ್ಲಿ ತುಂಬಿಹೋಗುತ್ತಿದ್ದುದರಿಂದ ಅಲ್ಲಿನ ಜಾಣರು ಕೋಲಾರದ ಕಡೆಯ, 563ರಿಂದ ಶುರುವಾಗುವ ಪಿನ್‌ಕೋಡ್‌ಗಳನ್ನು ಹಾಕತೊಡಗಿದರು. ಬೆಂಗಳೂರಿನವರು ಸುತ್ತಲ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಾರಿನಲ್ಲಿ ಬಂದು ಲಸಿಕೆ ಹಾಕಿಸಿಕೊಂಡು ಹೋದ ಸುದ್ದಿ ಆ ದಿನಗಳ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಲಾಕ್‌ಡೌನ್ ಇದ್ದರೂ ಸ್ಲಾಟ್‌ನ ಮೆಸೇಜ್ ತೋರಿಸಿದರೆ ಪೊಲೀಸರು ಬಿಡುತ್ತಿದ್ದರು. ಹೆದ್ದಾರಿ ಚೆನ್ನಾಗಿದೆ, ಮಾಲೂರು ಒಂದು ಗಂಟೆಯ ದಾರಿ, ಕೋಲಾರ ಅದಕ್ಕಿಂತ ತುಸು ದೂರ. ಅವರನ್ನು ನಾನು ದೂರುತ್ತಿಲ್ಲ. ಜೀವ ಉಳಿಸಿಕೊಳ್ಳಲು ನಿಯಮ ಬಿಟ್ಟ ದಾರಿಯಲ್ಲೇ ಅವರು ಬಂದರು. ಆದರೆ ಊರಿನ ಕೇಂದ್ರಕ್ಕೆ ಬಂದ ಡೋಸು ಆ್ಯಪ್‌ನ ಮೂಲಕ ಬೇರೆಯವರ ಪಾಲಾಗಿ, ಅದೇ ಊರಿನವರ ಹೆಸರಿನ ಮುಂದೆ ‘ಹಿಂಜರಿಕೆ’ ಎಂದು ಬರೆಯುವುದು ಮಾತ್ರ ಅನ್ಯಾಯ. ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ 2021ರ ಮೇ 31ರ ಆದೇಶ ಇದನ್ನೇ ಎತ್ತಿ ಹೇಳಿತು. ಇಂಟರ್ನೆಟ್ ಇಲ್ಲದವರಿರುವ ದೇಶದಲ್ಲಿ ಪೋರ್ಟಲ್ ಒಂದನ್ನೇ ನೆಚ್ಚಿಕೊಂಡರೆ ಎಲ್ಲರಿಗೂ ಲಸಿಕೆ ಎಂಬ ಗುರಿ ಮುಟ್ಟಲಾಗದು ಎಂದಿತು. 18ರಿಂದ 44ರವರಿಗೆ ದುಡ್ಡು ಕೊಟ್ಟು ಪಡೆಯಿರಿ ಎನ್ನುವ ನೀತಿಯನ್ನು ಮೇಲ್ನೋಟಕ್ಕೇ ಮನಬಂದಂತೆ ಮಾಡಿದ್ದು, ತರ್ಕಕ್ಕೆ ನಿಲ್ಲದ್ದು ಎಂದಿತು.

ದುಡ್ಡಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ಖಾಸಗಿ ಆಸ್ಪತ್ರೆಗಳಿಗೆ ಕಾಲು ಭಾಗದ ಲಸಿಕೆಯನ್ನು ಎತ್ತಿಟ್ಟಿದ್ದರು. ಅಲ್ಲಿ ಕೋವಿಶೀಲ್ಡ್‌ಗೆ ಗರಿಷ್ಠ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1,410 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. ಕೋವಿಶೀಲ್ಡ್‌ನ ಒಂದು ಡೋಸ್ ಎಂದರೆ ಎರಡೂವರೆ ದಿನಕ್ಕಿಂತ ಹೆಚ್ಚಿನ ಮಣ್ಣುಕೆಲಸ. ಗಂಡ ಹೆಂಡತಿ ಇಬ್ಬರಿಗೆ ಎರಡೆರಡು ಡೋಸ್ ಎಂದರೆ ಹತ್ತು ದಿನ ದಾಟುತ್ತದೆ.

ಸರ್ಕಾರಿ ಕೇಂದ್ರದಲ್ಲಿ ಬಿಟ್ಟಿ ಇತ್ತಲ್ಲ ಎನ್ನುವವರು ಆ ಕೇಂದ್ರ ಹೇಗೆ ನಡೆಯುತ್ತಿತ್ತು ಎಂಬುದನ್ನೂ ನೋಡಬೇಕು. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು, ಚೆಲ್ಲಿದ್ದಕ್ಕೆ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು. ಹಾಗಾಗಿ ಸಿಸ್ಟರ್ ಹೇಳುತ್ತಿದ್ದ ಮಾತು ರಾಜ್ಯದ ಎಲ್ಲ ಪಿಎಚ್‌ಸಿಗಳಲ್ಲೂ ಒಂದೇ: ಹತ್ತು ಜನ ಸೇರ್ಲಿ ಕಣಮ್ಮಾ, ಆಮೇಲೆ ಬಾಟ್ಲಿ ಓಪನ್ ಮಾಡ್ತೀವಿ. ಅವರದ್ದೂ ತಪ್ಪಲ್ಲ. ಆದರೆ ಬೆಳಗ್ಗೆ ಡೇರಿಗೆ ಹಾಲು ಹಾಕಿ, ಹಸುವಿಗೆ ಹುಲ್ಲು ಎಸೆದು, ಎರಡು ಮೈಲಿ ನಡೆದು ಹನ್ನೊಂದಕ್ಕೆ ಬಂದ ಹೆಂಗಸಿನ ಲೆಕ್ಕದಲ್ಲಿ ಯೋಚಿಸಿ. ಅವಳು ಆರನೆಯವಳು. ಒಂದು ಗಂಟೆಯ ಹೊತ್ತಿಗೆ ಎಂಟು ಜನ. ಸಂಜೆಯ ಹಾಲಿನ ಹೊತ್ತಿಗೆ ಅವಳು ಮನೆಯಲ್ಲಿರಲೇಬೇಕು. ನಾಳೆ ಬನ್ನಿ ಎನ್ನುತ್ತಾರೆ, ನಾಳೆ ಸ್ಟಾಕ್ ಇಲ್ಲ. ಮೂರನೇ ಸಲ ಅವಳು ಬರದಿದ್ದರೆ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬೀಳುವುದು ಒಂದೇ ಪದ: ನಿರಾಕರಣೆ. ಆ ಪಟ್ಟಿಯಲ್ಲಿ ‘ಎರಡು ಸಲ ಬಂದು ಹಿಂದಿರುಗಿದರು’ ಎಂದು ಬರೆಯಲು ಕಾಲಂ ಇರಲಿಲ್ಲ. ಇಂಥ ಪಟ್ಟಿಗಳ ಮೊತ್ತವೇ ಮುಂದೆ ಜಿಲ್ಲೆಯ ವರದಿಯಲ್ಲಿ ‘ಜಾಗೃತಿಯ ಕೊರತೆ’ಯಾಗಿ ಮೇಲೇಳುತ್ತದೆ. ಇದರ ಮೇಲೆ ಒಟಿಪಿಯ ಕಥೆ. ಒಂದು ಫೋನ್ ನಂಬರಿನಲ್ಲಿ ನಾಲ್ಕು ಜನರ ಹೆಸರಷ್ಟೇ ಬರೆಸಬಹುದಿತ್ತು. ಮನೆಗೊಂದು ಸ್ಮಾರ್ಟ್‌ಫೋನ್, ಅದು ಪೀಣ್ಯದಲ್ಲೋ ಹೊಸಕೋಟೆಯಲ್ಲೋ ಕೆಲಸಕ್ಕಿರುವ ಮಗನ ಕೈಯಲ್ಲಿ. ಸೂಜಿ ಇಲ್ಲಿ, ಒಟಿಪಿ ಅಲ್ಲಿ.

ಕಾಲವೂ ಕೂಡಿಬಂದಿರಲಿಲ್ಲ. ಶ್ರೀನಿವಾಸಪುರದವರಿಗೆ ಮೇಯಿಂದ ಜುಲೈವರೆಗೆ ಮಾವಿನ ಸುಗ್ಗಿ. ವರ್ಷದ ದುಡಿಮೆಯೆಲ್ಲ ಆ ಕೆಲವೇ ವಾರಗಳಲ್ಲಿ. ಬಾದಾಮಿ ಇಳಿಸಿ, ತೋತಾಪುರಿಗೆ ಕಾದು, ಮಂಡಿಗೆ ಸಾಗಿಸಿ, ಲಾರಿ ತುಂಬಿಸುವ ಹೊತ್ತು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಿಂತರೆ ಹಣ್ಣು ಕೊಳೆಯುತ್ತದೆ. ಲಸಿಕೆ ಹಾಕಿಸಿಕೊಂಡ ರಾತ್ರಿ ಬಹಳ ಜನರಿಗೆ ಜ್ವರ, ಮೈಕೈ ನೋವು ಬರುತ್ತದೆ. ಒಂದೆರಡು ದಿನ ಇರುತ್ತದೆ. ಡೋಲೊ ನುಂಗಿ ಮಲಗಬೇಕು ಎಂದು ಆರೋಗ್ಯ ಇಲಾಖೆಯವರೇ ಹೇಳುತ್ತಿದ್ದರು. ಮನೆಯಿಂದಲೇ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವವರಿಗೆ ಅದು ಒಂದು ರಜೆ, ಎಷ್ಟೋ ಕಂಪನಿಗಳು ಲಸಿಕೆ ರಜೆಯನ್ನೇ ಕೊಟ್ಟವು. ಮರ ಹತ್ತುವವನಿಗೆ ಎರಡು ದಿನದ ಕೂಲಿ ಹೋಯಿತು ಎಂದರ್ಥ. ‘ಸುಗ್ಗಿ ಮುಗೀಲಿ, ಹಾಕಿಸ್ಕೊಳ್ಳೋಣ’ ಎಂದವನು ಮುಂದಕ್ಕೆ ಹಾಕಿದ್ದಾನೆ, ಬೇಡ ಎಂದಿಲ್ಲ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು ಸರ್ಕಾರವೇ ಮೊದಲು 4ರಿಂದ 6 ವಾರ, ಆಮೇಲೆ 6ರಿಂದ 8, ಮೇ 13ರಂದು 12ರಿಂದ 16 ವಾರ ಎಂದು ಮುಂದಕ್ಕೆ ಹಾಕುತ್ತಾ ಹೋಯಿತಲ್ಲ. ಸರ್ಕಾರ ಮುಂದೂಡಿದರೆ ವಿಜ್ಞಾನ, ಮಾವು ಕೀಳುವವನು ಮುಂದೂಡಿದರೆ ಮೌಢ್ಯ!

ಹಾಗಾದರೆ ಭಯವೇ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಅದನ್ನು ಅಲ್ಲಗಳೆದರೆ ನನ್ನ ವಾದವೇ ಸುಳ್ಳಾಗುತ್ತದೆ. ತಮಿಳು ನಟ ವಿವೇಕ್ 2021ರ ಏಪ್ರಿಲ್ 15ರಂದು ಎಲ್ಲರೆದುರು ಲಸಿಕೆ ಹಾಕಿಸಿಕೊಂಡು 17ರಂದು ಹೃದಯಾಘಾತದಿಂದ ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ತಜ್ಞರ ಸಮಿತಿ ಹೇಳಿದ್ದು ಅಕ್ಟೋಬರ್‌ನಲ್ಲಿ. ತಮಿಳು ಚಾನೆಲ್ ನೋಡುವ ಗಡಿಯ ಮನೆಗಳಲ್ಲಿ ನಡುವಿನ ಆರು ತಿಂಗಳು ಆ ಸುದ್ದಿ ಒಬ್ಬಂಟಿಯಾಗಿಯೇ ಓಡಾಡಿತು. ಲಸಿಕೆ ಹಾಕಿಸಿಕೊಂಡವರು ಎರಡೇ ವರ್ಷದಲ್ಲಿ ಸಾಯುತ್ತಾರೆಂದು ಫ್ರಾನ್ಸಿನ ನೊಬೆಲ್ ವಿಜ್ಞಾನಿ ಹೇಳಿದರೆಂಬ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಆದರೆ ಆ ಸುಳ್ಳು ಮೊದಲು ಹುಟ್ಟಿದ್ದು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್ ಬಲ್ಲವರು ಫಾರ್ವರ್ಡ್ ಮಾಡಿದ ಮೇಲೆಯೇ ಅದು ಮುಳಬಾಗಿಲು ತಾಲ್ಲೂಕಿನ ನಂಗಲಿಯ ಚಹಾ ಅಂಗಡಿಗೆ ತಲುಪುವುದು. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಆಸ್ಟ್ರಾಜೆನೆಕಾ ಅಪರೂಪದ ಅಡ್ಡಪರಿಣಾಮವೊಂದನ್ನು ಒಪ್ಪಿಕೊಂಡ ಸುದ್ದಿ ಬಂದಾಗ ಬೆಚ್ಚಿಬಿದ್ದು ಹೃದ್ರೋಗ ತಜ್ಞರಿಗೆ ಫೋನ್ ಮಾಡಿದವರು ಯಾರು? ಹಾಸನದ ಹಠಾತ್ ಸಾವುಗಳ ಬಗ್ಗೆ 2025ರ ಜುಲೈನಲ್ಲಿ ಲಸಿಕೆಯ ಕಡೆ ಬೊಟ್ಟು ಮಾಡಿದವರು ರಾಜ್ಯದ ಮುಖ್ಯಮಂತ್ರಿಯೇ. ಸರ್ಕಾರವೇ ನೇಮಿಸಿದ್ದ, ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಅಂಥ ಸಂಬಂಧ ಕಾಣಲಿಲ್ಲವೆಂದು ವರದಿ ಕೊಟ್ಟಿತು. ಅನುಮಾನ ವಿಧಾನಸೌಧಕ್ಕೂ ಬರುತ್ತದೆ, ಅಪಾರ್ಟ್‌ಮೆಂಟಿಗೂ ಬರುತ್ತದೆ. ಅಲ್ಲಿ ಅದಕ್ಕೆ ‘ಕಳವಳ’ ಎಂಬ ಹೆಸರು, ಮುಳಬಾಗಿಲಿನಲ್ಲಿ ‘ಅಜ್ಞಾನ’.

ಕೋಲಾರದವರು ಸರ್ಕಾರ ಕೊಟ್ಟದ್ದನ್ನು ಪ್ರಶ್ನಿಸಿದ್ದು ಅದೇ ಮೊದಲಲ್ಲ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಸಿದಾಗ, ಮೂರನೇ ಹಂತ ಯಾಕಿಲ್ಲ ಎಂದು ಕೇಳಿದ್ದರು. 2018ರ ಜುಲೈನಲ್ಲಿ ನೊರೆ ಕಾಣಿಸಿಕೊಂಡು ಹೈಕೋರ್ಟ್ ತಡೆ ಕೊಟ್ಟಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ನುಂಗಿ ಬೆಳೆದ ಜಿಲ್ಲೆ ಇದು. ಒಳಗೆ ಏನಿದೆ ಎಂದು ಕೇಳುವುದು ಇಲ್ಲಿನವರ ಅಭ್ಯಾಸ. ಇದೇ ಜನ ಪಲ್ಸ್ ಪೋಲಿಯೊ ದಿನ ಹೇಗೆ ನಡೆದುಕೊಂಡರು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. 1995ರಿಂದ ವರ್ಷ ವರ್ಷ ಇದೇ ಊರುಗಳ ತಾಯಂದಿರು ಬಸ್‌ಸ್ಟ್ಯಾಂಡಿನಲ್ಲಿ, ಶಾಲೆ ಅಂಗಳದಲ್ಲಿ, ಅಂಗನವಾಡಿಯಲ್ಲಿ ಮಕ್ಕಳ ಬಾಯಿ ತೆರೆಸಿದರು. ಬಿಟ್ಟುಹೋದ ಮನೆಗೆ ಮರುದಿನ ಕಾರ್ಯಕರ್ತೆಯೇ ಹೋಗಿ ಹಾಕಿ, ಬೆರಳಿಗೆ ಗುರುತಿಟ್ಟು ಬಂದರು. 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್ಸಿನ ಒಂದೂ ಪ್ರಕರಣ ಬರಲಿಲ್ಲ. ಕೂಸಿನ ಬಾಯಿಗೆ ಹನಿ ಹಾಕಿಸಲು ಅಂಜದ ತಾಯಿ ತನ್ನ ತೋಳಿಗೆ ಸೂಜಿ ಎಂದಾಗ ಒಮ್ಮೆಲೇ ಮೂಢಳಾದಳು ಎಂದು ನಂಬಬೇಕಾದರೆ ನಡುವೆ ಅವಳಿಗೆ ಏನೋ ಆಗಿರಬೇಕು. ಬದಲಾದದ್ದು ಲಸಿಕೆ ಕೊಡುವ ಕ್ರಮ. ಪೋಲಿಯೊದಲ್ಲಿ ಲಸಿಕೆ ಅವಳನ್ನು ಹುಡುಕಿಕೊಂಡು ಬರುತ್ತಿತ್ತು, ಕೊರೊನಾದಲ್ಲಿ ಅವಳೇ ಲಸಿಕೆಯನ್ನು ಹುಡುಕಬೇಕಾಯಿತು.

ಟೆಸ್ಟ್ ವಿಷಯದಲ್ಲೂ ಇದೇ ಆಪಾದನೆ. ಜ್ವರ ಬಂದರೂ ಗಂಟಲು ದ್ರವ ಕೊಡಲು ಬರಲಿಲ್ಲ, ರೋಗ ಮುಚ್ಚಿಟ್ಟರು ಎಂದು. ಮುಚ್ಚಿಟ್ಟರು, ನಿಜ. ಯಾಕೆ ಎಂದು ತಿಳಿಯಲು 2020ಕ್ಕೆ ಹೋಗಬೇಕು. ಎರಡು ತಿಂಗಳು ಒಂದೂ ಪ್ರಕರಣವಿಲ್ಲದೆ ಹಸಿರು ವಲಯದಲ್ಲಿದ್ದ ಕೋಲಾರ ಜಿಲ್ಲೆಯಲ್ಲಿ ಮೇ 12ರಂದು ಮುಳಬಾಗಿಲು ತಾಲ್ಲೂಕಿನಿಂದ ಮೊದಲ ಐದು ಪ್ರಕರಣಗಳು ಬಂದವು. ಆಗಿನ ಸರ್ಕಾರಿ ಪದ್ಧತಿಗೆ ‘ಸೀಲ್‌ಡೌನ್’ ಎಂದು ಹೆಸರು. ಬೀದಿಗೆ ಬೊಂಬು ಕಟ್ಟಿ, ಮನೆಗೆ ಚೀಟಿ ಅಂಟಿಸಿ, ಆಂಬುಲೆನ್ಸ್ ಬಂದಾಗ ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡುವಂತೆ ಒಬ್ಬರನ್ನು ಕರೆದೊಯ್ಯುವುದು. ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ 2020ರ ಜುಲೈನಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡು ಬಡಿದಾಗ ಪಾಲಿಕೆ ಕ್ಷಮೆ ಕೇಳಬೇಕಾಯಿತು. ಹಳ್ಳಿಯ ಬೊಂಬಿಗೆ ಯಾರು ಕ್ಷಮೆ ಕೇಳಿದರು? ಹಾಗೆ ಮನೆಗೆ ಚೀಟಿ ಅಂಟಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಪಾಸಿಟಿವ್ ಎಂದರೆ ಡೇರಿಯವರು ಹಾಲು ತೆಗೆದುಕೊಳ್ಳುವುದಿಲ್ಲ, ಅಂಗಡಿಯವರು ಸಾಮಾನು ಕೊಡುವುದಿಲ್ಲ, ಕೂಲಿಗೆ ಕರೆಯುವುದಿಲ್ಲ ಎಂಬುದನ್ನು ಜನ ಕಂಡು ಕಲಿತಿದ್ದರು. ಆ ಪಾಠ ಕಲಿಸಿದವರೇ ಮರುವರ್ಷ ಬಂದು ಟೆಸ್ಟಿಗೆ ಯಾಕೆ ಬರುವುದಿಲ್ಲ ಎಂದು ಗದರುವುದು ವಿಚಿತ್ರ. ಟೆಸ್ಟಿನಿಂದ ಚಿಕಿತ್ಸೆ ಸಿಗುತ್ತದೆ ಎಂಬ ಭರವಸೆಯಾದರೂ ಇತ್ತೇ? ಚಿನ್ನದ ಗಣಿ ಮುಚ್ಚಿದ 2001ರಿಂದ ಪಾಳುಬಿದ್ದಿದ್ದ ಕೆಜಿಎಫ್‌ನ ಬಿಜಿಎಂಎಲ್ ಆಸ್ಪತ್ರೆಯನ್ನು 2021ರ ಮೇ ತಿಂಗಳಲ್ಲಿ ಸ್ವಯಂಸೇವಕರು ಧೂಳು ಒರೆಸಿ ತೆರೆಯಬೇಕಾಯಿತು ಎಂದರೆ ಜಿಲ್ಲೆಯಲ್ಲಿ ಹಾಸಿಗೆಗಳ ಸ್ಥಿತಿ ಊಹಿಸಿಕೊಳ್ಳಬಹುದು.

ಬೆದರಿಕೆಯಿಂದಲೇ ಕೆಲಸವಾಯಿತು ಎನ್ನುವವರ ವಾದ ಇನ್ನೂ ಉಳಿದಿದೆ. 2021ರ ಆಗಸ್ಟ್ ಕೊನೆಯಲ್ಲಿ ಚಾಮರಾಜನಗರ ಜಿಲ್ಲಾಡಳಿತ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂದು ಹೊರಟಿತು, ಟೀಕೆ ಬಂದ ಮೇಲೆ ಹಿಂದೆ ಸರಿಯಬೇಕಾಯಿತು. ಬೇರೆ ಕಡೆಯೂ ಬಾಯಿಮಾತಿನಲ್ಲಿ ಅದೇ ಬೆದರಿಕೆ ಓಡಾಡಿತು. ಡಿಸೆಂಬರ್‌ನಲ್ಲಿ ಒಮೈಕ್ರಾನ್ ಬಂದಾಗ ರಾಜ್ಯ ಸರ್ಕಾರ ಮಾಲ್, ಸಿನಿಮಾ ಮಂದಿರಕ್ಕೆ ಎರಡು ಡೋಸ್ ಕಡ್ಡಾಯ ಮಾಡಿತು; ಶಾಲಾ ಮಕ್ಕಳ ತಂದೆತಾಯಿಗೂ ಎರಡು ಡೋಸ್ ಆಗಿರಬೇಕೆಂದಿತು. ಆಗ ಸೈಬರ್ ಸೆಂಟರ್‌ಗಳಲ್ಲಿ ಸರ್ಟಿಫಿಕೇಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸುವವರ ಸಾಲು ಬೆಳೆಯಿತು. ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೇಶದ ಲೆಕ್ಕ ದುಪ್ಪಟ್ಟಾದದ್ದು ಜೂನ್‌ನಲ್ಲಿ. ಆಗ ರೇಷನ್ನಿನ ಮಾತೇ ಇರಲಿಲ್ಲ, ಸ್ಲಾಟ್ ಇಲ್ಲದೆಯೂ ನೇರವಾಗಿ ಬರಬಹುದು ಎಂಬ ಅವಕಾಶ ಮೇ 24ರಿಂದ ಸಿಕ್ಕಿತ್ತು, ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲರಿಗೂ ಉಚಿತವಾಗಿತ್ತು. ಸೆಪ್ಟೆಂಬರ್ 17ರ ಒಂದೇ ದಿನ ಕರ್ನಾಟಕದಲ್ಲಿ ಸುಮಾರು 30 ಲಕ್ಷ ಡೋಸ್ ಹಾಕಿದರು. ಅಂದು ಹಳ್ಳಿ ಹಳ್ಳಿಯ ಶಾಲೆ, ಪಂಚಾಯ್ತಿ ಕಚೇರಿಯಲ್ಲಿ ಲಸಿಕಾ ಮೇಳ ಇತ್ತು, ಬಾಟಲಿ ಸಾಕಷ್ಟಿತ್ತು, ಹತ್ತು ಜನರಿಗೆ ಕಾಯುವ ಪ್ರಮೇಯವಿರಲಿಲ್ಲ. ನವೆಂಬರ್‌ನಿಂದ ಮನೆಮನೆಗೇ ಹೋದರು. 2022ರ ಜನವರಿ ಕೊನೆಯ ಹೊತ್ತಿಗೆ ರಾಜ್ಯದ ಎಲ್ಲ ವಯಸ್ಕರಿಗೂ ಮೊದಲ ಡೋಸ್ ಆಯಿತೆಂದು ಸರ್ಕಾರ ಘೋಷಿಸಿತು. ಆ ಅಂಕಿಯಲ್ಲಿ ತುಸು ಉತ್ಪ್ರೇಕ್ಷೆ ಇದ್ದೀತು ಎನ್ನುವವರೂ ಬಹುಪಾಲು ಜನ ಹಾಕಿಸಿಕೊಂಡದ್ದನ್ನು ಅಲ್ಲಗಳೆಯಲಾರರು.

ಮನೆಬಾಗಿಲಿಗೆ ಹೋದವರು ಯಾರೆಂದು ನೋಡಿದರೆ ಬೆದರಿಕೆಯ ವಾದ ಇನ್ನೂ ಸಡಿಲವಾಗುತ್ತದೆ. ಶ್ರೀನಿವಾಸಪುರದ ಅಜ್ಜಿಗೆ ತೆಲುಗಿನಲ್ಲಿ ‘ಏಮೀ ಕಾದು’ ಎಂದು ಹೇಳಿ, ಜ್ವರ ಬಂದರೆ ಯಾವ ಮಾತ್ರೆ ಎಂದು ತಿಳಿಸಿ, ಮರುದಿನ ಬಂದು ವಿಚಾರಿಸಿಕೊಂಡು ಹೋದವಳು ಅದೇ ಬೀದಿಯ ಆಶಾ. ಅವಳ ಕೈಯಲ್ಲಿ ರೇಷನ್ ಕಾರ್ಡ್ ರದ್ದು ಮಾಡುವ ಅಧಿಕಾರವಿರಲಿಲ್ಲ; ತನ್ನ ದುಡಿಮೆಯ ಹಣಕ್ಕೇ ಅವಳು ಹೋರಾಡಬೇಕಿತ್ತು. ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ ಎಂದು 2020ರ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾಗಳು ಮುಷ್ಕರ ಹೂಡಿದ್ದರು. ಜನ ಅವಳ ಮಾತು ಕೇಳಿದ್ದು ಹೆರಿಗೆಗೆ ಆಂಬುಲೆನ್ಸ್ ಹತ್ತಿಸಿದವಳು ಅವಳೇ ಆದ್ದರಿಂದ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಕಂಪನಿ ಬಸ್ ಹತ್ತಿ ಹೋಗುವ ಹುಡುಗ ಹುಡುಗಿಯರನ್ನೂ ನೋಡಿ. ಅದೇ ಹಳ್ಳಿಯವರು, ಅದೇ ವಾಟ್ಸ್‌ಆ್ಯಪ್ ನೋಡಿದವರು. ಕೆಲಸದ ಜಾಗದಲ್ಲೇ ಶಿಬಿರ ಹಾಕಿ, ಕೂಲಿ ಕಡಿಯದೆ ಲಸಿಕೆ ಕೊಟ್ಟ ಕಡೆ ಅವರು ಸಾಲುಗಟ್ಟಿ ನಿಂತರು. ಕಾರ್ಖಾನೆಯಲ್ಲಿ ಭಯವಿಲ್ಲದವನಿಗೆ ಊರಿಗೆ ಬಂದ ಕೂಡಲೇ ಭಯ ಹತ್ತುತ್ತದೆಯೇ?

ಇಷ್ಟೆಲ್ಲ ಹೇಳಿದ ಮೇಲೂ, ಒತ್ತಾಯ ಮಾಡದಿದ್ದರೆ ಕೊನೆಯ ಹತ್ತಿಪ್ಪತ್ತು ಮಂದಿ ಬರುತ್ತಿರಲಿಲ್ಲ ಎಂಬುದು ಉಳಿಯುತ್ತದೆ. ಬರುತ್ತಿರಲಿಲ್ಲವೇನೋ. ಬರದಿರುವ ಹಕ್ಕೂ ಅವರಿಗಿತ್ತು. 2022ರ ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದಿತು. ಆದರೆ ಆ ಹತ್ತಿಪ್ಪತ್ತು ಮಂದಿಯ ಹೆಸರಿನಲ್ಲಿ ಉಳಿದ ಸಾವಿರಾರು ಜನರ ಮೇಲೆ ತೀರ್ಪು ಕೊಟ್ಟದ್ದನ್ನೇ ನಾನು ಖಂಡಿಸುತ್ತಿರುವುದು. ನಗರದವರಿಗೆ ಇದೇ ಅಳತೆಗೋಲು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಮೂರನೇ ಡೋಸ್ ಸಾಕ್ಷಿ. 2022ರ ಏಪ್ರಿಲ್ 10ರಿಂದ 18 ದಾಟಿದವರು ಅದನ್ನು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಪಡೆಯಬಹುದಿತ್ತು. ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಬಿಟ್ಟಿ ಕೊಟ್ಟರು. ಆ ಹೊತ್ತಿಗೆ ಬಾಟಲಿ ಧಾರಾಳ, ಸ್ಲಾಟ್ ಧಾರಾಳ, ಫೋನ್ ಕೈಯಲ್ಲಿ, ಆಸ್ಪತ್ರೆ ಪಕ್ಕದ ಬೀದಿಯಲ್ಲಿ. ಆದರೂ ದೇಶದಲ್ಲಿ ಎರಡು ಡೋಸ್ ಪಡೆದ 95 ಕೋಟಿ ಜನರಲ್ಲಿ ಮೂರನೆಯದನ್ನು ಹಾಕಿಸಿಕೊಂಡವರು ಕಾಲು ಭಾಗವೂ ಇಲ್ಲ. ಒಮೈಕ್ರಾನ್ ಸೌಮ್ಯ, ಎರಡು ಡೋಸ್ ಸಾಕು, ಈಗ ಪುರುಸೊತ್ತಿಲ್ಲ, ಆಮೇಲೆ ನೋಡೋಣ ಎಂದು ಬೆಂಗಳೂರಿನ ಓದಿದವರು ಲೆಕ್ಕ ಹಾಕಿ ಸುಮ್ಮನಾದರು. ಅವರ ಮನೆಗೆ ಯಾವ ತಹಶೀಲ್ದಾರರೂ ಹೋಗಲಿಲ್ಲ, ಅವರ ಬಡಾವಣೆಗಳಲ್ಲಿ ಜಾಗೃತಿ ಜಾಥಾ ನಡೆಯಲಿಲ್ಲ, ಅವರ ಬಗ್ಗೆ ‘ಹಿಂಜರಿಕೆ’ ಎಂಬ ಅಧ್ಯಾಯವನ್ನು ಯಾರೂ ಬರೆಯಲಿಲ್ಲ.